ನನ್ನ ಹೊಟ್ಟೆಯ ಒಂದು ಪಟ್ಟಿ

ಎರಡನೇ ಹೆರಿಗೆಯಾದ ಮೇಲೆ ನನಗೆ ಕೆಮ್ಮಿದರೆ, ಸೀನಿದರೆ ಉಚ್ಚೆ ಸೋರಲು ಶುರುವಾಯಿತು. ಮಗ ನಾಲ್ಕು ಕೆಜಿ ತೂಗುತ್ತಿದ್ದ, ಒಂದು ಹಗಲು ಒಂದು ರಾತ್ರಿ ನೋವು ತಿಂದಿದ್ದೆ. ಬಾಣಂತನದಲ್ಲಿ ಅತ್ತೆಗೆ ಹೇಳಿದಾಗ, "ಹೆತ್ತ ಮೈ ಕಣವ್ವ, ಸಡ್ಲ ಆಗಿರ್ತದೆ. ಸೊಂಟಕ್ಕೆ ಬಟ್ಟೆ ಬಿಗಿ, ಸರಿಹೋಯ್ತದೆ" ಅಂದರು. ಒಂದಷ್ಟು ವರ್ಷ ಸರಿಹೋದ ಹಾಗೂ ಇತ್ತು. ನಲವತ್ತು ದಾಟುವ ಹೊತ್ತಿಗೆ ಮತ್ತೆ ತಿರುಗಿಕೊಂಡಿತು. ಈ ಸಲ ಹನಿಯಲ್ಲ, ಲಂಗ ನೆನೆಯುವಷ್ಟು.

ನಾನು ಮುಡುಕುತೊರೆಯವಳು. ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ, ಕೆಳಗೆ ಕಾವೇರಿ, ನಡುವೆ ನಮ್ಮ ಮನೆಗಳು. ಯಜಮಾನರಿಗೆ ಒಂದಿಷ್ಟು ಗದ್ದೆ ಇದೆ. ನಾನು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳು. ನಾನು ಹೇಳುತ್ತಿರುವ ಕಾಲಕ್ಕೆ ತಿಂಗಳಿಗೆ 3,700 ರೂಪಾಯಿ ಗೌರವಧನ. ಅಕ್ಕಿ ಮೂಟೆ ಎಳೆಯುವುದು, ಮೆಣಸಿನಕಾಯಿ ಒಗ್ಗರಣೆ ಹಾಕುವುದು, ಅನ್ನದ ದಬರಿ ಇಳಿಸುವುದು, ಕೂತು ಎದ್ದು ಪಾತ್ರೆ ಉಜ್ಜುವುದು. ಈ ಕಾಯಿಲೆ ಕಾದು ಕೂತಿರುವುದೇ ಇಂಥ ಕೆಲಸಗಳಿಗೆ. ಸುಮ್ಮನೆ ಕೂತಿದ್ದರೆ ಏನೂ ಆಗುವುದಿಲ್ಲ, ರಾತ್ರಿ ಮಲಗಿದರೂ ಹಾಸಿಗೆ ಒಣಗಿರುತ್ತದೆ. ಹೊಟ್ಟೆ ಬಿಗಿ ಹಿಡಿಯುವ ಕ್ಷಣಕ್ಕೆ ಮಾತ್ರ ಕೈಕೊಡುತ್ತದೆ. ದಬರಿಯನ್ನು ಇಬ್ಬರು ಎರಡು ಕಡೆ ಬಟ್ಟೆ ಹಿಡಿದು ಎತ್ತುತ್ತೇವೆ. ಎತ್ತಿದಾಗ ತೊಡೆ ಬೆಚ್ಚಗಾಗುತ್ತದೆ, ಕೆಳಗಿಟ್ಟಾಗ ನಿಲ್ಲುತ್ತದೆ. ಆಮೇಲೆ ಬಡಿಸಬೇಕು. ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿರುತ್ತವೆ, ಒದ್ದೆ ಲಂಗದಲ್ಲೇ ಸೌಟು ಹಿಡಿದು ನಡೆಯಬೇಕು.

ತಿಳಿ ಬಣ್ಣದ ಸೀರೆ ಉಡುವುದನ್ನು ಬಿಟ್ಟೆ. ಹಳೇ ಹತ್ತಿ ಸೀರೆ ಹರಿದು ಮಡಿಸಿ ಇಟ್ಟುಕೊಳ್ಳುತ್ತಿದ್ದೆ. ಪ್ಯಾಡು ಕೊಂಡರೆ ದಿನಕ್ಕೆ ನಾಲ್ಕಾದರೂ ಬೇಕು, ಆ ದುಡ್ಡು ಎಲ್ಲಿಂದ ತರಲಿ? ಬೇಸಿಗೆಯಲ್ಲಿ ತೊಡೆ ಸಂದಿ ಸುಲಿದು ಉರಿ ಏಳುತ್ತಿತ್ತು. ನೀರು ಕುಡಿದರೆ ತಾನೇ ಇದೆಲ್ಲ ಎಂದು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದೆ, ಅದರಿಂದ ಉರಿಮೂತ್ರ ಬಂತು. ತಲಕಾಡು ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ ಬರುವಾಗ ರಸ್ತೆಯ ಹಂಪಿಗೊಂದು ಸಲ ಪ್ರಾಣ ಹೋಗುತ್ತಿತ್ತು. ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ. "ಕೂತ್ಕೊ ಬಾಕ್ಕ" ಅಂದವರಿಗೆ "ಮುಂದ್ಲೂರ್ಗೆ ಇಳೀತೀನಿ" ಅನ್ನುತ್ತಿದ್ದೆ.

ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಿದ್ದು ಇದೆಲ್ಲಕ್ಕಿಂತ ದೊಡ್ಡ ಸಂಗತಿ. ಮೈಲಿಗೆ ಅಂತ ನನಗೆ ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತಿದ್ದರೆ ತಾನೇ ಹೇಳುವುದು. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ನೆನೆದ ಬಟ್ಟೆಯಲ್ಲಿ ಸ್ವಾಮಿಯ ಮುಂದೆ ಹೇಗೆ ನಿಲ್ಲಲಿ? ಮಂಡಿನೋವು ಎಂದು ಊರಿಗೆಲ್ಲ ಹೇಳಿದ್ದೆ. ನಮ್ಮೂರ ಜಾತ್ರೆಗೆ, ದನಗಳ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ತಲಕಾಡಿನ ಪಂಚಲಿಂಗಗಳಲ್ಲಿ ನಮ್ಮ ಮಲ್ಲಿಕಾರ್ಜುನನೂ ಒಂದು. 2020ರ ಡಿಸೆಂಬರಿನಲ್ಲಿ ಪಂಚಲಿಂಗ ದರ್ಶನ ಬಂದಾಗ ಕರೋನಾ ಇದ್ದರೂ ಜನ ಬಂದರು. ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದಿರುವ ನಾನು ಮನೆಯಲ್ಲಿ ನೆಂಟರಿಗೆ ಅಡುಗೆ ಮಾಡಿಕೊಂಡಿದ್ದೆ. ಯಜಮಾನರು "ಮಂಡಿಗೆ ಎಣ್ಣೆ ತಂದ್ಕೊಡ್ಲಾ" ಎಂದು ಕೇಳಿ ತಂದೂ ಕೊಟ್ಟರು. ಪಾಪ.

ಗಂಡನಿಗೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ಡಾಕ್ಟರೂ ಕೇಳಿದರು. ಮಗ್ಗುಲಲ್ಲಿ ಮಲಗುವವರಿಗೆ ಹೇಗೆ ಹೇಳುವುದು? ಹತ್ತಿರ ಬಂದರೆ ಸೋರುತ್ತದೆಂಬ ಹೆದರಿಕೆಗೆ ನಾನೇ ದೂರ ಸರಿದಿದ್ದೆ. ಅದಕ್ಕೆ ಅವರು ಏನೇನು ಅರ್ಥ ಮಾಡಿಕೊಂಡಿದ್ದರೋ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೊದಲು ತೋರಿಸಿದ್ದು ಒಂದು ನರ್ಸಿಂಗ್ ಹೋಮಿನಲ್ಲಿ. ಊರಿನ ಹೆಸರು ಬೇಡ. ಸ್ಕ್ಯಾನ್ ಮಾಡಿ, "ಗರ್ಭಕೋಶ ಜಾರಿದೆ, ಊತ ಇದೆ. ತೆಗ್ಸಿಬಿಡಿ, ಎಲ್ಲಾ ಸರಿಹೋಗುತ್ತೆ. ಇನ್ನೇನು ಮಕ್ಕಳು ಬೇಕಾ ನಿಮಗೆ?" ಎಂದರು. ಕೆಮ್ಮಿಸಿ ನೋಡಲಿಲ್ಲ, ಎಷ್ಟು ಸಲ ಹೋಗುತ್ತೀಯ, ಎಷ್ಟು ಸೋರುತ್ತದೆ ಎಂದು ಕೇಳಲಿಲ್ಲ. 45,000 ರೂಪಾಯಿ ಚೀಟಿ ಬರೆದು ಕೊಟ್ಟರು. ನಾನು ಚಿನ್ನ ಅಡ ಇಡುವ ಲೆಕ್ಕಕ್ಕೆ ಬಂದಿದ್ದೆ. ತಡೆದದ್ದು ನಾದಿನಿ. ಅವಳಿಗೆ ಮೂವತ್ತೈದಕ್ಕೇ ಗರ್ಭಕೋಶ ತೆಗೆದಿದ್ದಾರೆ. "ಅತ್ಗೆ, ನಂಗೇನು ಸೋರದು ನಿಂತದೆ ಅಂದ್ಕೊಂಡಿದ್ದೀರಾ? ಬಚ್ಚಲ ತಂಕ ಹೋಗಕ್ಕೂ ತಡಿಯಲ್ಲ" ಅಂದಳು. ಅವಳಿಗೂ ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅವಳ ಮದುವೆಯಾಗಿ ಇಪ್ಪತ್ತು ವರ್ಷ, ಇಬ್ಬರೂ ಒಂದೇ ಬಚ್ಚಲಲ್ಲಿ ಬಟ್ಟೆ ಒಗೆದಿದ್ದೇವೆ.

ಕಲಬುರಗಿ ಕಡೆಯ ತಾಂಡಾಗಳಲ್ಲಿ, ರಾಣೆಬೆನ್ನೂರಿನಲ್ಲಿ ಬೇಡದಿದ್ದರೂ ಗರ್ಭಕೋಶ ಕಳೆದುಕೊಂಡ ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದ್ದು ಪೇಪರಿನಲ್ಲಿ ಬಂದಿತ್ತು. ಅದು ದೂರದ ಸುದ್ದಿ ಎಂದುಕೊಂಡಿದ್ದೆ. ನನ್ನ ಮಗಳು ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳಿಗೆ ಚೀಟಿ ತೋರಿಸಿದಾಗ ಅವಳು ಓದಿ ಹೇಳಿದ್ದು ಇನ್ನೂ ಬೇರೆ. ಸ್ವೀಡನ್ನಿನಲ್ಲಿ ಲಕ್ಷಾಂತರ ಹೆಂಗಸರ ಆಸ್ಪತ್ರೆ ದಾಖಲೆ ಹಿಡಿದು ನೋಡಿ 2007ರಲ್ಲಿ ಬರೆದಿದ್ದಾರಂತೆ: ಗರ್ಭಕೋಶ ತೆಗೆಸಿದವರಿಗೆ ಮುಂದೆ ಮೂತ್ರ ಸೋರುವುದಕ್ಕೆ ಆಪರೇಷನ್ ಬೇಕಾಗುವುದು ತೆಗೆಸದವರಿಗಿಂತ ಎರಡು ಪಟ್ಟಿಗೂ ಮೇಲೆ. ನಿಲ್ಲಿಸಲು ಹೇಳಿದ ಆಪರೇಷನ್ನೇ ಹೆಚ್ಚು ಮಾಡುವಂಥದ್ದು. 45,000 ಚೀಟಿಯನ್ನು ಮಗಳು ಅವಳ ಪುಸ್ತಕದೊಳಗೆ ಇಟ್ಟುಕೊಂಡಳು, ಕ್ಲಾಸಿನಲ್ಲಿ ತೋರಿಸುತ್ತಾಳಂತೆ.

ನಮ್ಮ ಆಶಾ ಕಾರ್ಯಕರ್ತೆ ನರಸೀಪುರದ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಹೆರಿಗೆ ಡಾಕ್ಟರು ಪರೀಕ್ಷೆ ಮಾಡಿ, ಮೂತ್ರ ಕಲ್ಚರಿಗೆ ಕಳಿಸಿ, ಸೋಂಕಿಗೆ ಮಾತ್ರೆ ಕೊಟ್ಟು, ಮೊದಲು ವ್ಯಾಯಾಮ ಎಂದರು. ಮೂರು ತಿಂಗಳು ಮಾಡದೆ ಯಾರೂ ಆಪರೇಷನ್ ಮಾತೇ ಎತ್ತಬಾರದಂತೆ. ಉಚ್ಚೆ, ಗಾಳಿ ಎರಡನ್ನೂ ತಡೆದು ಹಿಡಿದ ಹಾಗೆ ಒಳಗೆ ಬಿಗಿ ಹಿಡಿ, ಎಣಿಸು, ಬಿಡು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ. ಹೊಟ್ಟೆ, ಪೃಷ್ಠ, ತೊಡೆ ಬಿಗಿಯಬಾರದು. 1948ರಲ್ಲಿ ಕೆಗೆಲ್ ಎಂಬ ಅಮೆರಿಕದ ಡಾಕ್ಟರು ಬರೆದದ್ದು, ಕಾಸು ಖರ್ಚಿಲ್ಲ. ಬಹಳ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ. ಅವತ್ತಿಂದಲೇ ಶುರು ಮಾಡಿದೆ. ಅಕ್ಕಿ ಆರಿಸುತ್ತಾ, ಬಸ್ಸಿಗೆ ಕಾಯುತ್ತಾ ಮಾಡುತ್ತಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ, ಅದೊಂದು ಅನುಕೂಲ. ಸೀನಿಗೆ ಸೋರುವುದು ಅರ್ಧಕ್ಕರ್ಧ ಇಳಿಯಿತು. ದಬರಿಗೆ ಮಾತ್ರ ಜಗ್ಗಲಿಲ್ಲ. ಡಾಕ್ಟರು ಮೈಸೂರಿಗೆ ಚೀಟಿ ಬರೆದುಕೊಟ್ಟರು.

ಮೈಸೂರಿನ ಆ ದೊಡ್ಡ ಆಸ್ಪತ್ರೆಯ ಹೆಸರನ್ನೂ ಹೇಳುವುದಿಲ್ಲ, ಒಳ್ಳೆಯದು ಕೆಟ್ಟದು ಎರಡನ್ನೂ ಬರೆಯುವುದಿದೆ. ಮೂತ್ರ ತುಂಬಿಸಿಕೊಂಡು ಬಾ ಎಂದರು. ಕ್ಯೂ ಉದ್ದ, ನನ್ನ ಸರದಿ ಬರುವ ಹೊತ್ತಿಗೆ ನಿಲ್ಲಲಾಗುತ್ತಿರಲಿಲ್ಲ. ಮೇಜಿನ ಮೇಲೆ ಮಲಗಿಸಿ, ಕಾಲು ಅಗಲಿಸಿ, ಕೆಮ್ಮು ಎಂದರು. ಸುತ್ತ ಕಲಿಯುವ ಹುಡುಗ ಹುಡುಗಿಯರು. ಕೆಮ್ಮಿದೆ, ಚಿಮ್ಮಿತು. ಒಬ್ಬ ಹುಡುಗ "ಪಾಸಿಟಿವ್ ಮೇಡಂ" ಎಂದ. ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನು ನನ್ನ ಮಗನ ವಯಸ್ಸಿನವನು ಹಾಜರಿ ಕೂಗಿದಂತೆ ಕೂಗಿಬಿಟ್ಟ. ಆಮೇಲೆ ನಿಂತುಕೊಂಡು ಇನ್ನೊಂದು ಸಲ ಕೆಮ್ಮಬೇಕಿತ್ತು. "ಹುಡುಗ್ರು ಆಚೆ ಹೋಗ್ಲಿ ಮೇಡಂ, ಆಮೇಲೆ ಕೆಮ್ತೀನಿ" ಅಂದೆ. ದೊಡ್ಡ ಮೇಡಂ ನನ್ನ ಮುಖ ನೋಡಿ ಅವರನ್ನು ಕಳಿಸಿದರು. ಕೇಳಿದರೆ ಕಳಿಸುತ್ತಾರೆ, ಕೇಳದಿದ್ದರೆ ಯಾರೂ ಕೇಳುವುದಿಲ್ಲ.

ಮೂರು ದಿನ ಮನೆಯಲ್ಲಿ ಬರೆದಿಡು ಎಂದು ಒಂದು ಹಾಳೆ ಕೊಟ್ಟರು. ಏನು ಕುಡಿದೆ, ಎಷ್ಟು ಹೊತ್ತಿಗೆ ಹೋದೆ, ಅಳತೆಯ ಲೋಟದಲ್ಲಿ ಹಿಡಿದರೆ ಎಷ್ಟು ಮಿಲಿ, ಏನು ಮಾಡುವಾಗ ಸೋರಿತು. ನನ್ನ ಹಾಳೆಯಲ್ಲಿ ಎಲ್ಲ ಕಡೆ "ದಬರಿ", "ಮೂಟೆ", "ಒಗ್ಗರಣೆ ಕೆಮ್ಮು" ಎಂದೇ ಇತ್ತು. ಮೂತ್ರಕೋಶಕ್ಕೆ ನಳಿಕೆ ಇಟ್ಟು ಒತ್ತಡ ಅಳೆಯುವ ಒಂದು ಪರೀಕ್ಷೆ ಇದೆ, ಹೊರಗೆ ಮಾಡಿಸಿದರೆ ಸಾವಿರಗಟ್ಟಲೆ. ಮೇಡಂ ಹಾಳೆ ನೋಡಿ ನಿನಗೆ ಅದು ಬೇಡ ಅಂದರು. ಬರೀ ಕೆಮ್ಮಿಗೆ, ಭಾರಕ್ಕೆ ಸೋರುವವರಿಗೆ ಆ ಪರೀಕ್ಷೆ ಮಾಡಿದರೂ ಬಿಟ್ಟರೂ ಆಪರೇಷನ್ನಿನ ಫಲ ಒಂದೇ ಎಂದು 2012ರಲ್ಲಿ ಅಮೆರಿಕದಲ್ಲಿ ಆರುನೂರು ಚಿಲ್ಲರೆ ಹೆಂಗಸರ ಮೇಲೆ ನೋಡಿ ಹೇಳಿದ್ದಾರಂತೆ. ಬಡವರ ಪಾಲಿಗೆ ಇಂಥ ಸಂಶೋಧನೆಯೇ ಸಂಶೋಧನೆ.

ಕಾಯಿಲೆ ಏನೆಂದು ನನಗೆ ಅರ್ಥವಾದದ್ದು ಮೇಡಂ ಹೇಳಿದ ಒಂದು ಮಾತಿನಿಂದ. "ಗದ್ದೆಗೆ ನೀರು ಬಿಡೋ ಪೈಪನ್ನ ಗಟ್ಟಿ ನೆಲದ ಮೇಲಿಟ್ಟು ತುಳಿದ್ರೆ ನೀರು ನಿಲ್ಲುತ್ತೆ ಅಲ್ವಾಮ್ಮ? ನಿಮ್ಮ ತಲಕಾಡಿನ ಮರಳ ಮೇಲಿಟ್ಟು ತುಳಿ, ಪೈಪು ಹೂತ್ಕೊಳುತ್ತೆ, ನೀರು ಹೋಗ್ತಾನೇ ಇರುತ್ತೆ. ನಿನ್ನ ಮೂತ್ರನಾಳದ ಕೆಳಗಿನ ನೆಲ ಹೆರಿಗೆಯಲ್ಲಿ ಸಡ್ಲ ಆಗಿದೆ. ಅಲ್ಲೊಂದು ಪಟ್ಟಿ ಕೊಡಬೇಕು, ಅಷ್ಟೆ."

ಪಟ್ಟಿ ಯಾವುದು ಎನ್ನುವುದರಲ್ಲೇ ದುಡ್ಡಿನ ಕಥೆ ಇರುವುದು. ಕೇಸ್ ಶೀಟಿನ ಹಿಂದೆ ಚಿತ್ರ ಬರೆದು ಹೇಳಿದರು. ಈಗ ಹೆಚ್ಚು ಕಡೆ ಹಾಕುವುದು ಪ್ಲಾಸ್ಟಿಕ್ ನೂಲಿನ ಟೇಪು, ಪಾಲಿಪ್ರೊಪಿಲಿನ್. ಸ್ವೀಡನ್ನಿನ ಉಲ್ಮ್‌ಸ್ಟೆನ್ ಎಂಬುವರು 1996ರಲ್ಲಿ ಇದನ್ನು ಬಳಕೆಗೆ ತಂದರು, 2001ರಲ್ಲಿ ಫ್ರಾನ್ಸಿನ ಡೆಲೋರ್ಮ್ ತೊಡೆಸಂದಿಯಿಂದ ಹಾಕುವ ದಾರಿ ತೋರಿಸಿದರು. ಅರ್ಧ ಗಂಟೆ ಕೆಲಸ, ಸಣ್ಣ ಗಾಯ, ಮಾರನೇ ದಿನ ಮನೆ. ಆದರೆ ಕಂಪನಿ ಟೇಪಿನ ಬೆಲೆಯೊಂದೇ ನನ್ನ ಹಲವು ತಿಂಗಳ ಗೌರವಧನ. ಹರ್ನಿಯಾಕ್ಕೆ ಹಾಕುವ ಬಲೆಯನ್ನು ಕತ್ತರಿಸಿ ಪಟ್ಟಿ ಮಾಡಿ ಹಾಕುವವರೂ ನಮ್ಮ ದೇಶದಲ್ಲಿದ್ದಾರೆ, ಖರ್ಚು ಬಹಳ ಕಮ್ಮಿ. ಮೂರನೆಯದು ಬರೀ ಹೊಲಿಗೆ. ಯೋನಿಯ ಗೋಡೆಯನ್ನು ಮೇಲಕ್ಕೆತ್ತಿ ಮೂಳೆಯ ಹಿಂದಿನ ಗಟ್ಟಿ ನಾರಿಗೆ ಕಟ್ಟುವುದು, 1961ರಲ್ಲಿ ಬರ್ಚ್ ಎಂಬವರು ಹೇಳಿದ್ದು. ನಾಲ್ಕನೆಯದು ನನ್ನ ಹೊಟ್ಟೆಯ ಸ್ನಾಯುವಿನ ಮೇಲಿನ ಬಿಳಿ ಪದರದಿಂದಲೇ ಒಂದು ಪಟ್ಟಿ ಕತ್ತರಿಸಿ ಹಾಕುವುದು. ಇದು ಎಲ್ಲಕ್ಕಿಂತ ಹಳೆಯದು, ಕೊಳ್ಳಬೇಕಾದ ವಸ್ತುವೇ ಇಲ್ಲ.

ಟೇಪಿನ ಬಗ್ಗೆ ಮಗಳು ಕೇಳಿದಳು. ಹೊರದೇಶದಲ್ಲಿ ಗಲಾಟೆ ಆಗಿದೆಯಲ್ಲ ಮೇಡಂ ಎಂದು. ಹೌದು, ಸ್ಕಾಟ್ಲೆಂಡಿನ ಹೆಂಗಸರು ನೋವು ತಿಂದು ಹೋರಾಡಿದ ಮೇಲೆ 2014ರಲ್ಲಿ ಅಲ್ಲಿ ನಿಲ್ಲಿಸಿದರು, 2018ರ ಜುಲೈನಲ್ಲಿ ಇಂಗ್ಲೆಂಡಿನಲ್ಲೂ ತಡೆದರು ಎಂದು ಮೇಡಂ ಒಪ್ಪಿದರು. ಟೇಪು ಒಳಗೆ ಸವೆದು ಹೊರಬರುವುದು, ತೊಡೆ ನೋವು, ಕೂಡುವಾಗ ನೋವು ಕೆಲವರಿಗೆ ಆಗಿದೆ. ಅಮೆರಿಕದವರು 2019ರಲ್ಲಿ ಮಾರಾಟ ನಿಲ್ಲಿಸಿದ್ದು ಜಾರಿದ ಅಂಗ ಎತ್ತಿ ಕಟ್ಟಲು ಯೋನಿಯ ಮೂಲಕ ಹಾಕುತ್ತಿದ್ದ ದೊಡ್ಡ ಬಲೆಗಳನ್ನು. ಸೋರುವುದಕ್ಕೆ ಹಾಕುವ ಸಣ್ಣ ಟೇಪು ಅಲ್ಲಿ ಈಗಲೂ ನಡೆಯುತ್ತದೆ, ಬಹುಪಾಲು ಹೆಂಗಸರು ಚೆನ್ನಾಗಿಯೇ ಇದ್ದಾರೆ. "ನಾನು ಹೆದರಿಸ್ತಾ ಇಲ್ಲ. ತೊಂದರೆ ಆದ್ರೆ ತೆಗೆಯೋದು ಕಷ್ಟ, ಅದು ನಿನಗೆ ಗೊತ್ತಿರಬೇಕು" ಅಂದರು.

ನಾನು ಸ್ವಂತ ಪಟ್ಟಿ ಎಂದೆ. ದುಡ್ಡಿನ ಕಾರಣ ಒಂದು. ಇನ್ನೊಂದು, ನಾನು ದಿನಾ ಭಾರ ಎತ್ತುವವಳು, ಏನಾದರೂ ಹೆಚ್ಚುಕಮ್ಮಿಯಾದರೆ ಮತ್ತೆ ಮೈಸೂರಿಗೆ ಓಡಲು ಯಾರಿದ್ದಾರೆ? ಮೇಡಂ ಅದರ ಕಷ್ಟವನ್ನೂ ಬಿಚ್ಚಿ ಹೇಳಿದರು. ಹೊಟ್ಟೆ ಕೊಯ್ಯಬೇಕು, ಹೆಚ್ಚು ದಿನ ಮಲಗಬೇಕು, ಕೆಲವರಿಗೆ ಆಮೇಲೆ ಮೂತ್ರ ಸಲೀಸಾಗಿ ಬರುವುದಿಲ್ಲ, ಸೋಂಕು ಹೆಚ್ಚು. 2007ರಲ್ಲಿ ಅಮೆರಿಕದಲ್ಲಿ 655 ಹೆಂಗಸರನ್ನು ಎರಡು ಗುಂಪು ಮಾಡಿ ಬರ್ಚ್ ಹೊಲಿಗೆಗೂ ಸ್ವಂತ ಪಟ್ಟಿಗೂ ಹೋಲಿಸಿದಾಗ, ಎರಡು ವರ್ಷದ ಮೇಲೆ ಕೆಮ್ಮಿಗೆ ಸೋರದೆ ಉಳಿದವರು ಹೊಲಿಗೆಯಲ್ಲಿ ನೂರಕ್ಕೆ 49, ಪಟ್ಟಿಯಲ್ಲಿ 66. "ನೂರಕ್ಕೆ ನೂರು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಮ್ಮ." ನರ್ಸಿಂಗ್ ಹೋಮಿನಲ್ಲಿ "ಎಲ್ಲಾ ಸರಿಹೋಗುತ್ತೆ" ಅಂದಿದ್ದರಲ್ಲ, ಅದಕ್ಕಿಂತ ಈ 66 ನನಗೆ ಧೈರ್ಯ ಕೊಟ್ಟಿತು.

ಯಜಮಾನರಿಗೆ ಹೇಳಲೇಬೇಕಾಯಿತು, ಒಪ್ಪಿಗೆ ಪತ್ರಕ್ಕೆ ಮನೆಯವರು ಜೊತೆಗಿರಲಿ ಎಂದಿದ್ದರು. ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಹಿಂದೆ ನಿಂತು ಹೇಳಿದೆ, ಮುಖ ನೋಡಿಕೊಂಡು ಹೇಳಲಾಗಲಿಲ್ಲ. ಅವರು ಬಹಳ ಹೊತ್ತು ಕಾಲು ತೊಳೆದರು. "ಮಂಡಿನೋವು ಅಂದಿದ್ದೆ?" ಅಂದರು. ಅಷ್ಟೇ. ಬೆಳಿಗ್ಗೆ ರೇಷನ್ ಕಾರ್ಡು, ಆಧಾರ್ ಎಲ್ಲ ಹುಡುಕಿ ಕವರಿಗೆ ಹಾಕಿಟ್ಟಿದ್ದರು.

ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗಾದರೆ ಪ್ಯಾಕೇಜಿನ ನೂರಕ್ಕೆ ಮೂವತ್ತು ಭಾಗ. ಕೌಂಟರಿನವರು ಪಟ್ಟಿಯಲ್ಲಿ ಹುಡುಕಿ, ಈ ಆಪರೇಷನ್ ಇದೆ ಎಂದು ಹೇಳಲು ಅರ್ಧ ದಿನ ತೆಗೆದುಕೊಂಡರು. ಹೃದಯಕ್ಕೆ, ಕಿಡ್ನಿಗೆ ಬರುವವರೇ ಜಾಸ್ತಿಯಂತೆ, ಇದಕ್ಕೆ ಬರುವವರೇ ಇಲ್ಲ. ನನ್ನ ಕಾರ್ಡಿನಲ್ಲಿ ಹೆಸರಿನ ಒಂದು ಅಕ್ಷರ ಆಧಾರಿಗಿಂತ ಬೇರೆ ಇತ್ತು, ಅದು ಸರಿಯಾಗದೆ ಮುಂದೆ ಹೋಗುವುದಿಲ್ಲ ಎಂದರು. ನರಸೀಪುರಕ್ಕೆ ವಾಪಸ್ಸು, ಅಲ್ಲಿಂದ ಮತ್ತೆ ಮೈಸೂರಿಗೆ. ಬೇಸಿಗೆ ರಜೆ ಶುರುವಾಗಿತ್ತು, ರಜೆಯಲ್ಲೇ ಮುಗಿಸಬೇಕಿತ್ತು. ನನಗೆ ಹೊಟ್ಟೆ ಕೊಯ್ಯುವುದರ ಭಯಕ್ಕಿಂತ ಆ ಅಕ್ಷರದ ಭಯವೇ ದೊಡ್ಡದಾಗಿತ್ತು.

ಆಪರೇಷನ್ 2023ರ ಏಪ್ರಿಲ್ ಮೂರನೇ ವಾರ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಸೊಂಟದಿಂದ ಕೆಳಗೆ ನನ್ನದಲ್ಲ ಅನ್ನುವಂತಾಯಿತು. ಎಚ್ಚರ ಇತ್ತು. ಕೆಳಹೊಟ್ಟೆಯಲ್ಲಿ ಅಡ್ಡ ಕೊಯ್ದು, ಬೆರಳಗಲದ, ಒಂದು ಗೇಣಿಗೂ ಚಿಕ್ಕದಾದ ಪಟ್ಟಿ ಬಿಡಿಸಿದರು. ಅದರ ಎರಡು ತುದಿಗೆ ದಾರ ಹೊಲಿದು, ಕೆಳಗಿನಿಂದ ಮೂತ್ರನಾಳದ ಅಡಿಗೆ ತೂರಿಸಿ, ದಾರಗಳನ್ನು ಎರಡೂ ಕಡೆಯಿಂದ ಮೇಲಕ್ಕೆಳೆದು ಹೊಟ್ಟೆಯ ಪದರದ ಮೇಲೆ ಗಂಟು ಹಾಕಿದರು. ಮೂತ್ರಕೋಶಕ್ಕೆ ತೂತಾಗಿಲ್ಲವೆಂದು ದುರ್ಬೀನು ಹಾಕಿ ನೋಡಿದರು. "ಟೈಟ್ ಬೇಡ, ಸಡ್ಲ, ಇನ್ನೂ ಸಡ್ಲ" ಎಂದು ಮೇಡಂ ಜೊತೆಯವರಿಗೆ ಹೇಳುತ್ತಿದ್ದದ್ದು ಪರದೆಯ ಈಚೆ ಕೇಳಿಸುತ್ತಿತ್ತು. ಇಷ್ಟು ವರ್ಷ ಸಡ್ಲವಾಗಿ ಸತ್ತಿದ್ದೇನೆ, ಬಿಗಿಯಾಗಿ ಕಟ್ಟಿ ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಿಗಿಯಾದರೆ ಏನಾಗುತ್ತದೆಂದು ಆಮೇಲೆ ಗೊತ್ತಾಯಿತು.

ಮೂತ್ರಕ್ಕೆ ಹಾಕಿದ್ದ ಪೈಪು ತೆಗೆದ ಬೆಳಿಗ್ಗೆ ಎರಡು ಲೋಟ ನೀರು ಕುಡಿಸಿ, ಹೋಗಿ ಬಾ ಎಂದರು. ಬರಲಿಲ್ಲ. ನಲ್ಲಿ ಬಿಟ್ಟುಕೊಂಡು ಕೂತೆ, ಬಿಸಿನೀರು ಹಾಕಿಕೊಂಡೆ, ಮುಂದಕ್ಕೆ ಬಾಗಿದೆ. ಹೊಟ್ಟೆ ಉಬ್ಬಿ ಕಲ್ಲಾಯಿತು, ಒಂದು ತೊಟ್ಟು ಬರಲಿಲ್ಲ. ಅಷ್ಟು ವರ್ಷ ನಿಲ್ಲಿಸಲಾಗದೆ ಅತ್ತವಳು ಆ ಬಚ್ಚಲಲ್ಲಿ ಬರಲಿಲ್ಲವೆಂದು ಅತ್ತೆ. ಆಯಾ ಹೊರಗಿನಿಂದ ಬಾಗಿಲು ಬಡಿದು "ಎಷ್ಟ್ ಹೊತ್ತು ಕೂತಿದ್ದೀಯವ್ವಾ, ಬ್ಯಾರೇರಿಲ್ವಾ" ಎಂದು ರೇಗಿದಳು. ಮತ್ತೆ ಪೈಪು ಹಾಕಿದರು. ಬ್ಯಾಗು ತುಂಬಿಕೊಳ್ಳುತ್ತಿದ್ದಾಗ ಬಂದ ಸಮಾಧಾನವನ್ನು ಹೇಳಲಾರೆ.

ಪೈಪು ಸಮೇತ ಮನೆಗೆ ಕಳಿಸಿದರು. ಮೇ 10ರ ವಿಧಾನಸಭೆ ವೋಟಿಗೆ ಬ್ಯಾಗನ್ನು ತೊಡೆಗೆ ಕಟ್ಟಿಕೊಂಡು, ಮೇಲೆ ಸೀರೆ ಇಳಿಬಿಟ್ಟುಕೊಂಡು ಹೋಗಿದ್ದೆ. ಸಾಲಿನಲ್ಲಿದ್ದವರೆಲ್ಲ ವರುಣ ಏನಾಗ್ತದೋ, ನಮ್ಮ ನರಸೀಪುರ ಏನಾಗ್ತದೋ ಎಂದು ಮಾತಾಡುತ್ತಿದ್ದರು. ನನ್ನ ಜೀವವೆಲ್ಲ ಬ್ಯಾಗಿನ ಮುಚ್ಚಳದ ಮೇಲಿತ್ತು.

ಎರಡನೇ ಸಲ ತೆಗೆದಾಗ ಸಣ್ಣಗೆ ಬಂತು, ಆದರೆ ಸ್ಕ್ಯಾನಿನಲ್ಲಿ ಒಳಗೆ 300 ಮಿಲಿ ಉಳಿದಿತ್ತು. ಆಗ ಸಿಸ್ಟರ್ ಒಬ್ಬರು ನನ್ನನ್ನು ಕೂರಿಸಿ, ನನ್ನ ಕೈಯಿಂದಲೇ ನಳಿಕೆ ಹಾಕಿಕೊಳ್ಳುವುದನ್ನು ಕಲಿಸಿದರು. ಕನ್ನಡಿ ಇಟ್ಟು, "ನೋಡಕ್ಕ, ಇದು ಮೂತ್ರದ್ದು, ಇದು ಹೆರಿಗೇದು" ಎಂದು ತೋರಿಸಿದರು. ಎರಡು ಹೆತ್ತವಳು, ನಲವತ್ತಾರು ವರ್ಷದವಳು, ನನ್ನ ಮೈಯ ಆ ಜಾಗವನ್ನು ನಾನು ನೋಡಿದ್ದು ಅದೇ ಮೊದಲು. ಕೈ ನಡುಗುತ್ತಿತ್ತು. ತಪ್ಪು ದಾರಿಗೆ ಹೋಯಿತು. ಸಿಸ್ಟರ್ ಬೈಯಲಿಲ್ಲ, "ಎಲ್ರಿಗೂ ಹಂಗೇ ಆಗೋದು" ಎಂದು ಇನ್ನೊಂದು ನಳಿಕೆ ಕೊಟ್ಟರು. ಬೆರಳಿನಲ್ಲಿ ಜಾಗ ಗುರುತು ಹಿಡಿದರೆ ಕನ್ನಡಿಯೂ ಬೇಡ. ನಳಿಕೆ ದುಬಾರಿಯದಲ್ಲ, ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಸೋಪು ನೀರಲ್ಲಿ ಕೈ ತೊಳೆದು, ನಳಿಕೆ ತೊಳೆದು ಒಣಗಿಸಿ ಡಬ್ಬಿಗೆ ಹಾಕಿಟ್ಟುಕೊಂಡರೆ ಸಾಕು, ಆಸ್ಪತ್ರೆಯಲ್ಲಿ ಮಾಡುವ ಹಾಗೆ ಕುದಿಸಿ, ಗ್ಲೌಸ್ ಹಾಕಬೇಕಿಲ್ಲ. ಲಪೀಡಿಸ್ ಎಂಬ ಅಮೆರಿಕದ ಡಾಕ್ಟರು 1972ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆಂದು ಮಗಳು ಹೇಳಿದಳು. ಆ ಪುಣ್ಯಾತ್ಮನಿಂದಾಗಿ ನಾನು ಮೈಸೂರಿನಲ್ಲಿ ಬಿದ್ದಿರದೆ ಮನೆಯ ಬಚ್ಚಲಲ್ಲೇ ವಾಸಿಯಾದೆ. ಉಳಿಯುವುದು ವಾರವಾರಕ್ಕೆ ಕಮ್ಮಿಯಾಗುತ್ತಾ ಬಂತು, 100ಕ್ಕಿಂತ ಇಳಿದಾಗ ಬಿಡು ಎಂದರು. ಆಮೇಲೆ ಡಬ್ಬಿ ಅಟ್ಟಕ್ಕೆ ಹೋಯಿತು.

ಆಪರೇಷನ್ನಿಗೆ ದುಡ್ಡು ಹೋಗಲಿಲ್ಲ ಎಂದರೆ ಏನೂ ಹೋಗಲಿಲ್ಲ ಎಂದಲ್ಲ. ಬಸ್ಸಿಗೆ, ಜೊತೆಗಿದ್ದವರ ಊಟಕ್ಕೆ, ಹೊರಗೆ ಬರೆದ ಔಷಧಿಗೆ ಹೋಯಿತು. ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು, ನನ್ನ ಆಮೇಲಿನ ಓಡಾಟವೆಲ್ಲ ಅದರಲ್ಲಿ. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಶಾಲೆ ಶುರುವಾದರೂ ನನ್ನ ಜಾಗಕ್ಕೆ ಬೇರೆಯವರನ್ನು ಬಿಟ್ಟು, ನನ್ನ ಗೌರವಧನ ಅವರಿಗೆ ಕೊಡಬೇಕಾಯಿತು. ನನ್ನ ಜೊತೆಗಾರ್ತಿಗೆ ಮಾತ್ರ ನಿಜ ಹೇಳಿದ್ದೆ, ಮೇಷ್ಟರಿಗೆ "ಹೊಟ್ಟೆ ಆಪರೇಷನ್" ಎಂದಷ್ಟೇ. ಸರ್ಕಾರದ ಲೆಕ್ಕದಲ್ಲಿ ಈ ಕೂಲಿ ಎಲ್ಲೂ ಬರುವುದಿಲ್ಲ. ಉಚಿತ ಚಿಕಿತ್ಸೆ ಇದ್ದೂ ಎಷ್ಟೋ ಹೆಂಗಸರು ಹೋಗದಿರುವುದು ಈ ಮೂರು ತಿಂಗಳಿಗೆ ಹೆದರಿ ಎಂದು ನನ್ನ ಅನಿಸಿಕೆ.

ಈಗ ಕೆಮ್ಮಿಗೆ, ಸೀನಿಗೆ ಏನೂ ಇಲ್ಲ. ದಬರಿಯನ್ನು ನಾಲ್ಕು ಜನ ಎತ್ತಬೇಕು ಎಂದು ಹಟ ಹಿಡಿದು ಅದೇ ರೂಢಿಯಾಗಿದೆ, ಇಬ್ಬರೇ ಎತ್ತಿದ ದಿನವೂ ಸೋರಿಲ್ಲ. ಧಾರೆ ಮಾತ್ರ ಮೊದಲಿನಷ್ಟು ಜೋರಿಲ್ಲ, ಕೂತು ಸಾವಕಾಶವಾಗಿ ಮುಗಿಸಬೇಕು. ಚಳಿಯಲ್ಲಿ ಬೆಳಿಗ್ಗೆ ಎದ್ದಾಗ ಒಮ್ಮೊಮ್ಮೆ ಅವಸರ ಆಗುತ್ತದೆ. ಕೊಯ್ದ ಗಾಯದ ಮೇಲುಗಡೆ ಮುಟ್ಟಿದರೆ ಜೋಮು. ಬೆಟ್ಟಕ್ಕೆ ಹೋಗಿ ಬರುತ್ತೇನೆ. ಮೆಟ್ಟಿಲು ಹತ್ತುವಾಗ ನಿಜವಾಗಿಯೂ ಮಂಡಿ ನೋಯುತ್ತದೆ, ಈಗ ಹೇಳಿದರೆ ಯಜಮಾನರು ನಂಬುವುದಿಲ್ಲ.

ನಾದಿನಿಯನ್ನೂ ಅದೇ ಮೇಡಂ ಹತ್ತಿರ ಕರೆದುಕೊಂಡು ಹೋದೆ. ನನ್ನ ಹಾಗೇ ಪಟ್ಟಿ ಹಾಕಿಸಿಕೊಳ್ಳುವ ಧೈರ್ಯ ಮಾಡಿಕೊಂಡು, ಕಾರ್ಡಿನ ಜೆರಾಕ್ಸ್ ಹಿಡಿದುಕೊಂಡೇ ಬಂದಿದ್ದಳು. ಮೂರು ದಿನದ ಹಾಳೆ ನೋಡಿ, ಕೆಮ್ಮಿಸಿ ನೋಡಿ, ಸಕ್ಕರೆ ಪರೀಕ್ಷೆ ಮಾಡಿಸಿ, "ಇವರದು ಬೇರೆ" ಅಂದರು ಮೇಡಂ. ಕೆಮ್ಮಿದರೆ ಅವಳಿಗೆ ಸೋರುವುದಿಲ್ಲ. ಮೂತ್ರಕೋಶವೇ ತುಂಬುವ ಮುಂಚೆ ಹಿಂಡಿಕೊಳ್ಳುತ್ತದೆ, ಬಚ್ಚಲ ತನಕ ತಡೆಯುವುದಿಲ್ಲ. ಅದಕ್ಕೆ ಪಟ್ಟಿ ಹಾಕಿದರೆ ಇನ್ನೂ ಕೆಡುತ್ತದಂತೆ. ಆಪರೇಷನ್ನೇ ಬೇಡ ಎಂದು, ಸಕ್ಕರೆ ಹಿಡಿತಕ್ಕೆ ತರಲು ಹೇಳಿ, ಕಾಫಿ ಕಮ್ಮಿ ಮಾಡಿಸಿ, ಗಂಟೆ ನೋಡಿಕೊಂಡು ತಡೆದು ತಡೆದು ಹೋಗುವ ಅಭ್ಯಾಸ ಹೇಳಿಕೊಟ್ಟು, ದಿನಕ್ಕೊಂದು ಮಾತ್ರೆ ಬರೆದರು. ಸುಮಾರಾಗಿ ಗುಣ ಕಂಡಿದೆ. ಮಾತ್ರೆಗೆ ಬಾಯಿ ಒಣಗುತ್ತದೆ ಎಂದು ನನ್ನನ್ನು ಬೈಯುತ್ತಾಳೆ, ಕಾಫಿಯನ್ನು ಮಾತ್ರ ಕದ್ದು ಕುಡಿಯುತ್ತಾಳೆ.